ಏಳು ತೋಟೆಗಳ ಕೋವಿ: ಇಟ್ಟುಕೊಳ್ಳುವುದೋ, ಬಿಡುವುದೋ?

ಹೋದ ತಿಂಗಳು ಮೂಡಿಗೆರೆ ಕಡೆಯ ಕಾಫಿ ತೋಟದ ಗೌಡರೊಬ್ಬರು ನಮಗೆ ಫೋನ್ ಮಾಡಿದರು. ಆನೆ ಸುದ್ದಿ ಇರಬೇಕು ಎಂದುಕೊಂಡೇ ಎತ್ತಿದೆವು. ಈ ಸೀಮೆಯಲ್ಲಿ ಬೆಳಗ್ಗೆ ಆರು ಗಂಟೆಗೆ ಬಾತ್ಮೀದಾರರಿಗೆ ಫೋನ್ ಬಂತೆಂದರೆ ಒಂದೋ ಆನೆ, ಇಲ್ಲವೇ ಅಪಘಾತ. ಗೌಡರು ಹೇಳಿದ್ದು ಎರಡೂ ಅಲ್ಲ.

"ಮಾರಾಯ್ರೇ, ಆಯುಧಪೂಜೆ ದಿನ ನಮ್ಮನೆ ಕೋವಿ ಫೋಟೊ ಹಾಕಿದ್ರಲ್ಲ, ಅದನ್ನ ಇಟ್ಕೊಳ್ಳೋದೋ ಬಿಡೋದೋ ಹೇಳಿ. ಅದಕ್ಕೆ ಹೆಸರು ಬರಿಸಿದ್ದು ನೀವು, ತೀರ್ಮಾನಾನೂ ನೀವೇ ಹೇಳಿ."

ತಮಾಷೆಗೆ ಹೇಳಿದ್ದಲ್ಲ ಎಂದು ದನಿಯಲ್ಲೇ ಗೊತ್ತಾಯಿತು. ಗೌಡರಿಗೆ ಈಗ ಎಪ್ಪತ್ತು ದಾಟಿದೆ. ಕೋವಿಗಳನ್ನು ಮಗನ ಹೆಸರಿಗೆ ಮಾಡಿಸಬೇಕು. ಮನೆಯಲ್ಲಿ ಅವರ ಹೆಸರಿಗೆ ಎರಡು: ಒಂದು 12 ಬೋರಿನ ಜೋಡಿ ನಳಿಕೆ ತೋಟೆ ಕೋವಿ, ಇನ್ನೊಂದು ಈ ಫೋಟೊದ ದೊಡ್ಡ ರೈಫಲ್. ಬೆಂಗಳೂರಿನಲ್ಲಿದ್ದುಕೊಂಡು ವಾರದ ಕೊನೆಗೆ ತೋಟ ನೋಡಲು ಬರುವ ಮಗನ ಹೆಸರಿಗೆ ಆಗಲೇ ಒಂದು .315 ರೈಫಲ್ ಇದೆ. ಎಲ್ಲ ಕೂಡಿದರೆ ಮೂರು. ಕಾನೂನು ಬಿಡುವುದು ಎರಡನ್ನೇ.

2019ರ ಡಿಸೆಂಬರಿನವರೆಗೆ ಒಬ್ಬರು ಮೂರು ಬಂದೂಕು ಇಟ್ಟುಕೊಳ್ಳಬಹುದಿತ್ತು. ಆ ತಿಂಗಳು 1959ರ ಆಯುಧ ಕಾಯ್ದೆಗೆ ತಿದ್ದುಪಡಿ ಬಂದು ಮೂರು ಎರಡಾಯಿತು. ಹೆಚ್ಚುವರಿ ಇದ್ದವರು ಒಂದು ವರ್ಷದೊಳಗೆ ಠಾಣೆಗೋ ಪರವಾನಗಿ ಇರುವ ಡೀಲರಿಗೋ ಒಪ್ಪಿಸಬೇಕಾಯಿತು. ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿದ್ದು ಮಾತ್ರ ಸಮಾಧಾನ. ಅಜ್ಜನಿಂದ ಬಂದದ್ದು, ಅಪ್ಪನಿಂದ ಬಂದದ್ದು ಎಂಬ ಕಾರಣಕ್ಕೂ ಈ ಎರಡರ ಮಿತಿ ಸಡಿಲವಾಗುವುದಿಲ್ಲ ಎಂದು ಕಾಯ್ದೆಯಲ್ಲೇ ಬರೆದಿದೆ. 2016ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸುದಾರರಿಗೆ ಎಪ್ಪತ್ತು ತುಂಬಿದರೆ, ಅಥವಾ ಕೋವಿ 25 ವರ್ಷ ಅವರ ಬಳಿ ಇದ್ದರೆ, ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಕೇಳಬಹುದು. ಗೌಡರು ಕೇಳಲು ಹೊರಟಿರುವುದು ಅದನ್ನೇ. ಹಾಗಾಗಿ ಮೂರರಲ್ಲಿ ಒಂದನ್ನು ಬಿಡಲೇಬೇಕು.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಬಿಡಬೇಕಾದ್ದು ದೊಡ್ಡದನ್ನೇ. ಗೌಡರ ಮಗನಿಗೆ ಇದು ಇಷ್ಟವಾಗುವುದಿಲ್ಲ. ನಿಜ ಹೇಳಬೇಕೆಂದರೆ ನಮಗೂ ಪೂರ್ತಿ ಇಷ್ಟವಿಲ್ಲ. ಆ ಕೋವಿಯನ್ನು ಕೈಯಲ್ಲಿ ಹಿಡಿದು ನೋಡಿದವರು ನಾವು.

ಅದು .470 ನೈಟ್ರೊ ಎಕ್ಸ್‌ಪ್ರೆಸ್. ಇಂಗ್ಲೆಂಡಿನಲ್ಲಿ ಮಾಡಿದ್ದು, ಜೋಡಿ ನಳಿಕೆ, ತೂಕ ಐದು ಕೆ.ಜಿ.ಗೆ ಹತ್ತಿರ. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೆ ತೋಟ ಮಾರಿ ಊರಿಗೆ ಹೊರಟ ಬಿಳಿ ದೊರೆಯೊಬ್ಬ ಗೌಡರ ತಂದೆಗೆ ಕೊಟ್ಟುಹೋದದ್ದು. ಹಿಡಿಯ ಮರದಲ್ಲಿ ವಾಲ್‌ನಟ್‌ನ ಗೆರೆಗಳು ಹೊಳೆನೀರಿನ ಸುಳಿಯ ಹಾಗೆ ಕಾಣುತ್ತವೆ. ತೆರೆದು ಮುಚ್ಚಿದರೆ ಒಳ್ಳೆಯ ಕಬ್ಬಿಣದ ಪೆಟ್ಟಿಗೆಯ ಬಾಗಿಲು ಕೂತ ಹಾಗೆ ಸದ್ದು. ಅದರ ತೋಟೆ ಸುಮಾರು ನಾಲ್ಕು ಇಂಚು ಉದ್ದ. ಗುಂಡೊಂದೇ 32 ಗ್ರಾಂ. ಗುರಿ ಅಭ್ಯಾಸದ .22 ಕೋವಿಯ ಗುಂಡು ಎರಡೂವರೆ ಗ್ರಾಂ ಆಸುಪಾಸು ಎಂದರೆ ಅಂದಾಜು ಸಿಗಬಹುದು. ಹಾರಿಸಿದಾಗ ಹೆಗಲಿಗೆ ಒದೆಯುವ ಒದೆ 12 ಬೋರಿನ ಸಾಮಾನ್ಯ ತೋಟೆಯದಕ್ಕಿಂತ ಎರಡು ಮೂರು ಪಟ್ಟು.

ಈ .470 ಎಂಬ ವಿಚಿತ್ರ ಅಳತೆ ಹುಟ್ಟಿದ್ದರ ಹಿಂದೆ ನಮ್ಮ ದೇಶದ ಕಥೆಯೇ ಇದೆ. ಬ್ರಿಟಿಷರ ಕಾಲದಲ್ಲಿ ದೊಡ್ಡ ಬೇಟೆಯವರು ಬಳಸುತ್ತಿದ್ದದ್ದು .450 ಅಳತೆ. ಸೈನ್ಯದ ಹಳೆಯ ಮಾರ್ಟಿನಿ ಹೆನ್ರಿ ಬಂದೂಕಿನದೂ ಅದೇ ಅಳತೆಯ ಗುಂಡು. ಶಿಕಾರಿಯವರಿಗೆ ಎಂದು ತಂದ ಗುಂಡು ದಂಗೆ ಏಳುವವರ ಕೈ ಸೇರೀತು ಎಂಬ ಭಯಕ್ಕೆ 20ನೇ ಶತಮಾನದ ಆರಂಭದಲ್ಲಿ ಸರ್ಕಾರ ಭಾರತಕ್ಕೆ .450 ತರುವುದನ್ನು ನಿಷೇಧಿಸಿತು. ಲಂಡನ್, ಬರ್ಮಿಂಗ್‌ಹ್ಯಾಮಿನ ಕೋವಿ ತಯಾರಕರು ಬಿಟ್ಟಾರೆಯೇ? ಕೂದಲೆಳೆ ದಪ್ಪ ಮಾಡಿ .465, .470, .475 ಎಂದು ಹೊಸ ಹೊಸ ಅಳತೆ ತಂದರು. ಅಂದರೆ ಈ ಕೋವಿ ಹುಟ್ಟಿದ್ದೇ ಒಂದು ಕಾನೂನನ್ನು ಬಳಸಿಕೊಂಡು ಹೋಗಲು. ಈಗ ಅದು ಇನ್ನೊಂದು ಕಾನೂನಿನ ಎದುರು ಬಂದು ನಿಂತಿದೆ.

ಇಟ್ಟುಕೊಳ್ಳಬೇಕು ಎನ್ನುವವರ ವಾದದಲ್ಲೂ ಹುರುಳಿದೆ. ಗೌಡರ ಮಗ ಫೋನಿನಲ್ಲಿ ಹೇಳಿದ್ದು: "ಸರ್, .315 ಯಾವಾಗ ಬೇಕಾದ್ರೂ ಸಿಗುತ್ತೆ, ಇಶಾಪುರದ ಫ್ಯಾಕ್ಟರೀಲಿ ಮಾಡ್ತಾರೆ. ಇದು ಒಂದ್ಸಲ ಕೈಬಿಟ್ರೆ ಮತ್ತೆ ಬರುತ್ತಾ?" ಬರುವುದಿಲ್ಲ. 1980ರ ದಶಕದ ಮಧ್ಯದಿಂದ ಸಾಮಾನ್ಯ ಜನ ಹೊರದೇಶದ ಬಂದೂಕು ತರಿಸಿಕೊಳ್ಳುವ ದಾರಿ ಹೆಚ್ಚುಕಡಿಮೆ ಮುಚ್ಚಿದೆ. ಲಂಡನ್ನಿನ ಮೇಲ್ದರ್ಜೆಯ ತಯಾರಕರಲ್ಲಿ ಇವತ್ತು ಇಂಥದ್ದನ್ನು ಹೊಸದಾಗಿ ಮಾಡಿಸಿದರೆ 1 ಲಕ್ಷ ಪೌಂಡ್ ದಾಟುತ್ತದೆ. ಇಲ್ಲಿರುವ ಹಳೆಯವುಗಳಿಗೆ ಬೆಲೆ ಬಂದಿರುವುದು ಅದಕ್ಕೇ. ಫೋಟೊ ಹಾಕಿದ ವಾರದಲ್ಲೇ ಗೌಡರಿಗೆ ಮೂರು ಜನ ಫೋನ್ ಮಾಡಿ ಮೂರು ಬೆಲೆ ಹೇಳಿದರಂತೆ. ಅಂಕಿ ಇಲ್ಲಿ ಬರೆಯುವುದಿಲ್ಲ, ಒಂದು ಸಲ ಫೋಟೊ ಹಾಕಿ ಬುದ್ಧಿ ಬಂದಿದೆ.

ಇನ್ನೊಂದು ವಾದ, ಉಪಯೋಗವಿಲ್ಲದ್ದನ್ನೆಲ್ಲ ಬಿಡಬೇಕೆಂದರೆ ಮನೆಯಲ್ಲಿ ಏನು ಉಳಿಯುತ್ತದೆ ಎಂಬುದು. ನಮ್ಮ ಗೆಳೆಯರೊಬ್ಬರು ಮೈಸೂರಿನಲ್ಲಿ ತಯಾರಾದ ಹಳೆಯ ಯೆಜ್ಡಿ ಬೈಕಿಗೆ ಸಂಬಳದ ಅರ್ಧ ಸುರಿಯುತ್ತಾರೆ. ಪೆಟ್ರೋಲ್ ಕುಡಿಯುತ್ತದೆ, ಹೊಗೆ ಉಗುಳುತ್ತದೆ, ಮಳೆಯಲ್ಲಿ ಸ್ಟಾರ್ಟ್ ಆಗುವುದಿಲ್ಲ. ಆದರೂ ಭಾನುವಾರ ಅದನ್ನು ಹತ್ತಿ ಚಾರ್ಮಾಡಿ ಘಾಟಿಯವರೆಗೆ ಹೋಗಿ ಬರುತ್ತಾರೆ. ಆ ಖುಷಿಗೆ ಲೆಕ್ಕ ಕೇಳಬಾರದು, ಒಪ್ಪುತ್ತೇವೆ.

ಈ ಕೋವಿಯ ವಿಷಯದಲ್ಲಿ ತೊಡಕು ಬರುವುದು ಇಲ್ಲೇ. ಯೆಜ್ಡಿಯನ್ನು ಓಡಿಸಬಹುದು, ಇದನ್ನು ಎಲ್ಲಿ ಹಾರಿಸುವುದು? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗಲೇ ಇದರ ಕೆಲಸ ಮುಗಿಯಿತು. ಸುತ್ತಮುತ್ತ ಇದರ ಗುಂಡು ತಡೆಯುವಂಥ ಗುರಿ ಮೈದಾನ ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಗೌಡರ ಬಳಿ ಇರುವುದು ಏಳೇ ಏಳು ತೋಟೆ.

ಆ ಏಳನ್ನೂ ನೋಡಿದೆವು. ಕೈನಾಕ್ ಕಂಪನಿಯ ಹಳೆಯ ಡಬ್ಬಿ, ಹಿತ್ತಾಳೆಯ ಮೇಲೆ ಹಸಿರು ಕಿಲುಬು. ಆ ಕಂಪನಿ ಇಂಥ ದೊಡ್ಡ ತೋಟೆ ಮಾಡುವುದನ್ನು ದಶಕಗಳ ಹಿಂದೆಯೇ ನಿಲ್ಲಿಸಿತು. ಆಮೇಲೆ ಬೇರೆಯವರು ಅದೇ ಹೆಸರಿನಲ್ಲಿ ಶುರುಮಾಡಿದ್ದುಂಟು, ಆದರೆ ಅದು ಇಂಗ್ಲೆಂಡಿನಲ್ಲಿ. ಹಳೆಯ ತೋಟೆಯ ಒಳಗಿರುವುದು ಕಾರ್ಡೈಟ್ ಮದ್ದು. ನೋಡಲು ಒಣ ಶಾವಿಗೆಯ ಎಳೆಯ ಹಾಗೆ ಇರುತ್ತದೆ. ಬಿಸಿಲಿಗೆ ಅದರ ಒತ್ತಡ ಏರುತ್ತದೆ ಎಂದು ಭಾರತ, ಆಫ್ರಿಕಾಗಳಿಗೆ ಮದ್ದು ಕಡಿಮೆ ಹಾಕಿದ ತೋಟೆಗಳನ್ನೇ ಬೇರೆ ಮಾಡುತ್ತಿದ್ದರು. ಎಪ್ಪತ್ತು ಮಳೆಗಾಲ ಕಂಡ ಮದ್ದು ಇವತ್ತು ಸಿಡಿಯಬಹುದು, ಸಿಡಿಯದಿರಬಹುದು, ಕುದುರೆ ಎಳೆದು ಒಂದು ಗಳಿಗೆ ಆದ ಮೇಲೆ ಸಿಡಿಯಬಹುದು. ಮೂರನೆಯದು ಎಲ್ಲಕ್ಕಿಂತ ಅಪಾಯ.

ಬೇರೆ ತೋಟೆ ಎಲ್ಲಿಂದಾದರೂ ಸಿಕ್ಕಿತು ಎಂದುಕೊಳ್ಳೋಣ. ಜೋಡಿ ನಳಿಕೆ ರೈಫಲಿನಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಎರಡೂ ನಳಿಕೆಯ ಗುಂಡು ಒಂದೇ ಜಾಗಕ್ಕೆ ಬೀಳಬೇಕು. ಅದಕ್ಕೆ ಕೆಲಸಗಾರ ನಳಿಕೆಗಳನ್ನು ಬೆಸೆದು, ಹಾರಿಸಿ ನೋಡಿ, ಬೆಸುಗೆ ಬಿಚ್ಚಿ, ಸ್ವಲ್ಪ ಸರಿಸಿ, ಮತ್ತೆ ಬೆಸೆದು, ಮತ್ತೆ ಹಾರಿಸಿ ಹೊಂದಿಸುತ್ತಾನೆ. ಬೆಲೆಯ ಬಹುಪಾಲು ಹೋಗುವುದು ಇಂಥ ಕೈಕೆಲಸಕ್ಕೆ. ಆದರೆ ಆ ಹೊಂದಾಣಿಕೆ ಒಂದು ತೂಕದ ಗುಂಡಿಗೆ, ಒಂದು ಅಳತೆಯ ಮದ್ದಿಗೆ ಮಾತ್ರ. ತೋಟೆ ಬದಲಾದರೆ ಎಡದ್ದು ಒಂದು ಕಡೆ, ಬಲದ್ದು ಒಂದು ಕಡೆ. ಅಂದರೆ ಅಷ್ಟು ದುಬಾರಿ ಕೋವಿ ತನ್ನ ಬೆಲೆಗೆ ತಕ್ಕ ಕೆಲಸ ಮಾಡುವುದು ಸಿಗದೇ ಇರುವ ತೋಟೆಯಿಂದ ಮಾತ್ರ.

ಇಷ್ಟೇ ಆಗಿದ್ದರೆ ನಾವು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಗಾಜಿನ ಬೀರುವಿನಲ್ಲಿ ಇರುವ ವೀಣೆಯನ್ನು ಯಾರೂ ನುಡಿಸದಿದ್ದರೂ ಇಟ್ಟುಕೊಳ್ಳುತ್ತೇವಲ್ಲ, ಹಾಗೆ ಇದೂ ಇರಲಿ ಎನ್ನುತ್ತಿದ್ದೆವು. ಗೌಡರು ಕಾಫಿ ಕೊಟ್ಟು, ಹೆಂಡತಿ ಒಳಗೆ ಹೋಗುವವರೆಗೆ ಕಾದು, ಒಂದು ವಿಷಯ ಹೇಳಿದರು. ಅದನ್ನು ಕೇಳಿದ ಮೇಲೆ ನಮ್ಮ ಮನಸ್ಸು ಬದಲಾಯಿತು.

ಹಿಂದಿನ ಮಳೆಗಾಲದಲ್ಲಿ ಅವರ ತೋಟದ ಪಕ್ಕದ ದಾರಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದ ಹೆಣ್ಣುಮಗಳೊಬ್ಬಳನ್ನು ಆನೆ ತುಳಿದಿತ್ತು. ಆ ಸುದ್ದಿಯನ್ನು ನಾವೇ ಬರೆದಿದ್ದೆವು. ಮಣ್ಣಾದ ರಾತ್ರಿ ಲೈನ್ ಮನೆಯವರು, ಅಕ್ಕಪಕ್ಕದ ತೋಟದ ಹುಡುಗರು, ಒಟ್ಟು ಮೂವತ್ತು ನಲವತ್ತು ಜನ ಗೌಡರ ಅಂಗಳಕ್ಕೆ ಬಂದರು. ಕೆಲವರು ಕುಡಿದಿದ್ದರು. "ಗೌಡ್ರೇ, ದೊಡ್ಡ ಕೋವಿ ತಗೀರಿ. ಆನೆ ಹೊಡಿಯೋ ಕೋವಿ ಇಟ್ಕೊಂಡು ಸುಮ್ನೆ ಕೂತ್ರೆ ಹೆಂಗೆ? ನಮ್ ಜೀವಕ್ಕೆ ಬೆಲೆ ಇಲ್ವಾ?"

ಗೌಡರು ಕೀಲಿ ಮಗನ ಹತ್ತಿರ ಬೆಂಗಳೂರಿನಲ್ಲಿದೆ ಎಂದು ಸುಳ್ಳು ಹೇಳಿದರಂತೆ. ಕೀಲಿ ಅವರ ಸೊಂಟದಲ್ಲೇ ಇತ್ತು. "ನಂಬಿದ್ರೋ ಬಿಟ್ರೋ ಗೊತ್ತಿಲ್ಲ. ಮಾರನೇ ದಿನದಿಂದ ಒಂದು ವಾರ ಯಾರೂ ಕೆಲಸಕ್ಕೆ ಬರಲಿಲ್ಲ. ಸತ್ತವಳ ಗಂಡ ಇವತ್ತಿಗೂ ನನ್ನ ಮುಖ ನೋಡಲ್ಲ ಮಾರಾಯ್ರೇ."

ದೊಡ್ಡ ಕೋವಿಯ ಖರ್ಚು ಅಂದರೆ ಲೈಸೆನ್ಸ್ ಶುಲ್ಕ, ಎಣ್ಣೆ, ಭದ್ರ ಪೆಟ್ಟಿಗೆ ಎಂದುಕೊಂಡಿದ್ದೆವು. ಅದಿರುವ ಮನೆಯ ಬಾಗಿಲಿಗೆ ಊರಿನ ಸಿಟ್ಟೆಲ್ಲ ಬಂದು ನಿಲ್ಲುತ್ತದೆ ಎಂಬುದು ನಮ್ಮ ಲೆಕ್ಕದಲ್ಲಿ ಇರಲಿಲ್ಲ. ಮನೆಯಲ್ಲಿ 12 ಬೋರ್ ಒಂದೇ ಇದ್ದಿದ್ದರೆ ಆ ರಾತ್ರಿ ಜನ ಅರಣ್ಯ ಇಲಾಖೆಯ ಕಚೇರಿಗೆ ಹೋಗುತ್ತಿದ್ದರು, ಹೋಗಬೇಕಾದ್ದೂ ಅಲ್ಲಿಗೇ. ಆಯುಧಪೂಜೆಗೆ ನಾವು ಹಾಕಿದ ಫೋಟೊಕ್ಕೆ "ಆನೆಗಳೇ ಹುಷಾರ್" ಎಂದು ಕಮೆಂಟ್ ಹಾಕಿ ನಕ್ಕವರಿದ್ದರು. ಒಂದಕ್ಕೆ ನಾವೂ ಲೈಕ್ ಒತ್ತಿದ್ದೆವು. ಈಗ ಅದನ್ನು ನೆನೆದರೆ ಮುಜುಗರವಾಗುತ್ತದೆ.

ಆ ರಾತ್ರಿ ಗೌಡರು ಕೋವಿ ತೆಗೆದಿದ್ದರೆ ಏನಾಗುತ್ತಿತ್ತು? ಕತ್ತಲು, ಮಳೆ, ಎಪ್ಪತ್ತರ ಮುದುಕ, ಕಿಲುಬು ಹಿಡಿದ ಏಳು ತೋಟೆ, ಹಿಂದೆ ಕೂಗಾಡುವ ಜನ. ಆನೆಗೆ ಗುಂಡು ತಾಗಿ ಅದು ಸಾಯದೆ ಉಳಿದಿದ್ದರೆ ಮರುದಿನದಿಂದ ಆ ದಾರಿಯಲ್ಲಿ ನಡೆಯುವ ಪ್ರತಿಯೊಬ್ಬರಿಗೂ ಗಾಯಗೊಂಡ ಆನೆಯ ಭಯ. ಸತ್ತಿದ್ದರೆ ಗೌಡರಿಗೆ ಜೈಲು. ಆನೆ ವನ್ಯಜೀವಿ ಕಾಯ್ದೆಯ ಒಂದನೇ ಷೆಡ್ಯೂಲಿನ ಪ್ರಾಣಿ, ಶಿಕ್ಷೆ ಕನಿಷ್ಠ ಮೂರು ವರ್ಷ, ಏಳರವರೆಗೂ ಹೋಗಬಹುದು. ಜೀವ ಉಳಿಸಿಕೊಳ್ಳಲು ಆ ಕ್ಷಣದಲ್ಲಿ ಕೊಂದರೆ ಅಪರಾಧವಲ್ಲ ಎಂದು ಅದೇ ಕಾಯ್ದೆಯ 11ನೇ ಸೆಕ್ಷನ್ನಿನಲ್ಲಿದೆ, ನಿಜ. ಆದರೆ ಅದು ಎದುರಿಗೆ ಬಂದು ಮೇಲೆ ಬೀಳುವಾಗಿನ ಮಾತು, ಹುಡುಕಿಕೊಂಡು ಹೋಗಿ ಹೊಡೆಯುವುದಕ್ಕಲ್ಲ. ಬೆಳಗಿನ ಮಂಜಿನಲ್ಲಿ ಕಾಫಿ ಗಿಡದ ಮರೆಯಿಂದ ಆನೆ ಬಂದಾಗ ಐದು ಕೆ.ಜಿ. ಕೋವಿ ಯಾರ ಹೆಗಲ ಮೇಲಿರುತ್ತದೆ? ಅದು ಪೆಟ್ಟಿಗೆಯಲ್ಲಿ, ಬೀಗದೊಳಗೆ ಇರುತ್ತದೆ. ಹಾಗೆಯೇ ಇರಬೇಕು ಎಂದು ನಿಯಮ.

2023ರ ಎಣಿಕೆಯಂತೆ ಕರ್ನಾಟಕದಲ್ಲಿ 6,395 ಆನೆಗಳಿವೆ, ದೇಶದಲ್ಲೇ ಹೆಚ್ಚು. ತೊಂದರೆ ಸಣ್ಣದು ಎಂದು ನಾವು ಹೇಳುತ್ತಿಲ್ಲ. ವಾರಕ್ಕೊಮ್ಮೆ ಇದನ್ನೇ ಬರೆಯುವವರು ನಾವು. ಅದೇ ವರ್ಷ ಡಿಸೆಂಬರಿನಲ್ಲಿ ಸಕಲೇಶಪುರದ ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯಲು ಹೋದ ಅರ್ಜುನ ಸತ್ತದ್ದು ಎಲ್ಲರಿಗೂ ನೆನಪಿದೆ. ಎಂಟು ದಸರಾಗಳಲ್ಲಿ ಅಂಬಾರಿ ಹೊತ್ತ ಸಾಕಾನೆ, ಜೊತೆಗೆ ಬೇರೆ ಸಾಕಾನೆಗಳು, ಮಾವುತರು, ಅರಿವಳಿಕೆ ಕೊಡುವ ಡಾಕ್ಟರು, ಇಷ್ಟೆಲ್ಲ ಇದ್ದೂ ಹಾಗಾಯಿತು. ಒಂಟಿ ಮನೆಯ ಹಳೆಯ ಕೋವಿ ಅಲ್ಲಿ ಏನು ಮಾಡೀತು? ಜೀವ ಉಳಿಸುತ್ತಿರುವುದು ಸದ್ಯಕ್ಕೆ ಆನೆ ಎಲ್ಲಿದೆ ಎಂದು ಬೆಳಗ್ಗೆ ಮೊದಲು ತಿಳಿಸುವ ಮೊಬೈಲ್ ಸಂದೇಶ, ವಾಟ್ಸಾಪ್ ಗುಂಪು, ಕೆಲಸಕ್ಕೆ ಜನ ಹೊರಡುವ ಹೊತ್ತು ಬದಲಿಸುವ ತೋಟದ ರೈಟರು. ಇವುಗಳ ಫೋಟೊ ಹಾಕಿದರೆ ಯಾರೂ ಲೈಕ್ ಒತ್ತುವುದಿಲ್ಲ.

ನಮ್ಮ ಕಡೆ ದೊಡ್ಡ ಕೋವಿಯ ಮೋಹ ಬೆಳೆದಿದ್ದರಲ್ಲಿ ಪುಸ್ತಕಗಳ ಪಾಲೂ ಇದೆ. ಮೂಡಿಗೆರೆಯಲ್ಲೇ ಇದ್ದ ಪೂರ್ಣಚಂದ್ರ ತೇಜಸ್ವಿ ಕೆನೆತ್ ಆಂಡರ್ಸನ್ ಬರಹಗಳನ್ನು 'ಕಾಡಿನ ಕತೆಗಳು' ಎಂದು ಕನ್ನಡಕ್ಕೆ ತಂದದ್ದನ್ನು ಓದದ ಹುಡುಗರು ಈ ಸೀಮೆಯಲ್ಲಿ ಕಡಿಮೆ. ಓದಿದ ನಮ್ಮ ತಲೆಯಲ್ಲಿ ಉಳಿದದ್ದು ನರಭಕ್ಷಕ ಮತ್ತು ಕೋವಿ. ಆದರೆ ಆಂಡರ್ಸನ್ ಬಳಸಿದ್ದು .405 ವಿಂಚೆಸ್ಟರ್, ಒಂಟಿ ನಳಿಕೆಯದು, ದೊರೆಗಳ ಅಂತಸ್ತಿನ ಜೋಡಿ ನಳಿಕೆಯಲ್ಲ. ಜಿಮ್ ಕಾರ್ಬೆಟ್ 1926ರಲ್ಲಿ ರುದ್ರಪ್ರಯಾಗದ ಚಿರತೆಯನ್ನು ಹೊಡೆದದ್ದು .275 ರಿಗ್ಬಿಯಿಂದ, ಇವತ್ತಿನ ಲೆಕ್ಕದಲ್ಲಿ ಸಣ್ಣ ಕೋವಿ. ಅವರ ಕೆಲಸ ನಡೆದದ್ದು ಹೆಜ್ಜೆ ನೋಡುವ ಕಣ್ಣಿನಿಂದ, ರಾತ್ರಿಯಿಡೀ ಕೂರುವ ತಾಳ್ಮೆಯಿಂದ. ದೊಡ್ಡ ನಳಿಕೆ ಬಹಳ ಮಟ್ಟಿಗೆ ಧೈರ್ಯಕ್ಕೆ ಕೊಂಡುಕೊಳ್ಳುತ್ತಿದ್ದ ವಿಮೆ, ಜೊತೆಗೆ ಅಂತಸ್ತಿಗೆ.

ಕೊಡಗಿನ ಗೆಳೆಯರು ಇಲ್ಲಿ ಒಂದು ಮಾತು ತೆಗೆಯುತ್ತಾರೆ, ಕೋವಿ ಅಂದರೆ ಬರೀ ಉಪಯೋಗವಾ ಎಂದು. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ, ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಿದೆ. ಕೈಲ್ ಪೊಳ್ದ್ ದಿನ ತೋಕಿಗೆ ಪೂಜೆಯಾಗುತ್ತದೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಯುತ್ತದೆ. ಅದನ್ನು ನಾವು ಗೌರವಿಸುತ್ತೇವೆ. ಆದರೆ ಆ ಪಂದ್ಯಗಳಿಗೂ .22 ಮತ್ತು 12 ಬೋರ್ ಸಾಕು. ಪೂಜೆಗೆ ಕೂರಿಸುವ ಕೋವಿಯ ಅಳತೆಯನ್ನು ದೇವರು ಕೇಳಿದ್ದಿಲ್ಲ. ಗೌಡರ ಮನೆಯಲ್ಲೂ 12 ಬೋರ್ ಉಳಿದರೆ ಆಯುಧಪೂಜೆ ನಿಲ್ಲುವುದಿಲ್ಲ.

ಮೂರರಲ್ಲಿ ಬಿಡಲು .315 ಇದೆಯಲ್ಲ, ಅದೂ ಏನು ಉಪಯೋಗ ಎಂದು ಗೌಡರ ಮಗ ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದನ್ನೂ ಬಿಟ್ಟರೆ ನಮಗೇನೂ ಬೇಸರವಿಲ್ಲ. ತೋಟಕ್ಕೆ ನಿಜವಾಗಿ ಬೇಕಾದ್ದು 12 ಬೋರ್ ಒಂದೇ, ಅದೂ ಸದ್ದು ಮಾಡಿ ಮಂಗ, ಹಂದಿ ಓಡಿಸಲು. ಆದರೆ .315ಕ್ಕೆ ತೋಟೆ ಸಿಗುತ್ತದೆ, ರಿಪೇರಿಗೆ ಜನ ಸಿಗುತ್ತಾರೆ, ಕಳುವಾದರೆ ಕಣ್ಣೀರು ಕಡಿಮೆ. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ ರಸೀದಿ ತರಬೇಕಲ್ಲ. ವಿಧಾನಸಭೆ, ಲೋಕಸಭೆ, ಒಂದಾದ ಮೇಲೊಂದು. ಮಲೆನಾಡಿನ ಥಂಡಿಯಲ್ಲಿ ತಿಂಗಳುಗಟ್ಟಲೆ ಎಣ್ಣೆ ಕಾಣದೆ ಗೋಡೆಗೆ ಒರಗಿ ನಿಂತ .315ಕ್ಕೆ ತುಕ್ಕು ಹಿಡಿದರೆ ಉಜ್ಜಿ ತೆಗೆಯಬಹುದು. ಲಕ್ಷಗಟ್ಟಲೆ ಬಾಳುವ ನಳಿಕೆಯೊಳಗೆ ಹಿಡಿದರೆ ಬೆಲೆಯೂ ಹೋಯಿತು, ಅಜ್ಜನ ನೆನಪೂ ಹೋಯಿತು. ಒಂದು ಚುನಾವಣೆಯಲ್ಲಿ ಗೌಡರ ಕೋವಿಯ ಹಿಡಿಗೆ ಗೀರು ಬಿದ್ದು ಬಂದಿತ್ತು. ಅವರು ಅದನ್ನು ತೋರಿಸಿದ ರೀತಿ ಮೊಮ್ಮಗನ ಮಂಡಿ ಗಾಯ ತೋರಿಸಿದ ಹಾಗಿತ್ತು.

ಮಾರುವುದಕ್ಕೆ ದಾರಿ ಇದೆ. ಲೈಸೆನ್ಸ್ ಇರುವವರಿಗೆ ಅಥವಾ ಡೀಲರಿಗೆ ಮಾತ್ರ ಕೊಡಬೇಕು. ಖಾಸಗಿಯವರಿಗಾದರೆ ಜಿಲ್ಲಾಧಿಕಾರಿಗೋ ಹತ್ತಿರದ ಠಾಣೆಗೋ ಲಿಖಿತವಾಗಿ ತಿಳಿಸಿ 45 ದಿನ ಕಾಯಬೇಕು. ಫೋನ್ ಮಾಡಿ "ಕ್ಯಾಶ್ ಕೊಡ್ತೀನಿ, ಪೇಪರ್ ಆಮೇಲೆ ನೋಡೋಣ" ಎಂದವರಿಂದ ದೂರ ಇರಿ ಎಂದು ಗೌಡರಿಗೆ ಹೇಳಿದೆವು. ಹಣ ಬಂದರೆ ಏನು ಮಾಡುವುದು ಎಂಬುದು ಅವರ ಮನೆ ವಿಷಯ. ಲೈನ್ ಮನೆಯಿಂದ ರಸ್ತೆಯವರೆಗಿನ ಆ ದಾರಿಗೆ ದೀಪ ಹಾಕಿಸಿ, ಎರಡೂ ಬದಿಯ ಪೊದೆ ಸವರಿಸಿ ಎಂದು ನಾವು ಬಾಯಿ ತಪ್ಪಿ ಹೇಳಿಬಿಟ್ಟೆವು. ಗೌಡರು ಏನೂ ಹೇಳಲಿಲ್ಲ, ಲೋಟ ಎತ್ತಿಕೊಂಡು ಒಳಗೆ ಹೋದರು.

ಮೊನ್ನೆ ಮತ್ತೆ ಫೋನ್ ಬಂದಿತ್ತು. ಅರ್ಜಿ ಬರೆಸಿ ಇಟ್ಟಿದ್ದಾರೆ, ಸಹಿ ಇನ್ನೂ ಹಾಕಿಲ್ಲ. ಮಗ ಈ ಭಾನುವಾರ ಬರುತ್ತಾನಂತೆ, ಪೆಟ್ಟಿಗೆಯಿಂದ ತೆಗೆದು ಒಂದು ಸಲ ಎಣ್ಣೆ ಹಚ್ಚಿ ಒರೆಸಬೇಕಂತೆ. ನಮ್ಮನ್ನೂ ಕರೆದಿದ್ದಾರೆ. "ಬನ್ನಿ, ಕ್ಯಾಮೆರಾ ಮಾತ್ರ ತರಬೇಡಿ" ಎಂದರು.